ಗೊಂಬೆ ಊರಿನ ಭರಣಿ, ಬಟ್ಟಲು



ಸಂಘ ಬೆಳೆದು ಬಂದ ದಾರಿ, ಸಾಲ, ಠೇವಣಿ ಇವುಗಳ ವಿಚಾರ ಬರೆಯುವ ಹಿರಿಯರು ಈ ಸಂಚಿಕೆಯಲ್ಲಿ ಇದ್ದೇ ಇದ್ದಾರೆ. ಆದ್ದರಿಂದ ನಾವು ನಮ್ಮ ಸೀಮೆಯ ಮರ ಕಡೆಯುವ ಕಸುಬಿನ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಹೇಳಲು ಹೊರಟಿದ್ದೇವೆ.

ಚನ್ನಪಟ್ಟಣ ಅಂದರೆ ಹೊರಗಿನವರಿಗೆ ಗೊಂಬೆ. ನಮಗೆ ದೇವರಮನೆಯ ಕುಂಕುಮದ ಭರಣಿಯೂ ಹೌದು, ಮಗು ಹಿಡಿದು ನಡೆಯುವ ಮೂರು ಚಕ್ರದ ಗಾಡಿಯೂ ಹೌದು. ಟಿಪ್ಪು ಸುಲ್ತಾನನು ಪರ್ಷಿಯಾ ದೇಶದಿಂದ ಕುಶಲಿಗರನ್ನು ಕರೆಸಿ ಈ ವಿದ್ಯೆ ಕಲಿಸಿದನೆಂದು ಹಿಂದಿನಿಂದಲೂ ಹೇಳಿಕೊಂಡು ಬಂದಿದ್ದಾರೆ. ಜಪಾನಿನ ರೀತಿಯನ್ನು ಇಲ್ಲಿಗೆ ತಂದವರು ಬಾವಾ ಮಿಯಾನ್ ಎಂಬ ಮಾತೂ ಇದೆ. ಟಿಪ್ಪು ಮಡಿದ ಮರುವರ್ಷ, ಅಂದರೆ 1800ರಲ್ಲಿ, ಬುಕಾನನ್ ಎಂಬ ಡಾಕ್ಟರು ಕಂಪನಿ ಸರ್ಕಾರದ ಪರವಾಗಿ ಈ ಕಡೆ ಸಂಚಾರ ಬಂದಿದ್ದರು. ವಾದ್ಯಗಳಿಗೆ ಕಟ್ಟುವ ಉಕ್ಕಿನ ತಂತಿ, ಗಾಜಿನ ಕೆಲಸ ಇವು ಚನ್ನಪಟ್ಟಣದಲ್ಲಿ ನಡೆಯುತ್ತಿದ್ದವೆಂದು ಅವರು ಬರೆದಿಟ್ಟಿದ್ದಾರೆ. ಈಗ ಆ ತಂತಿಯ ಹೆಸರು ಹೇಳಿದರೆ ನಮ್ಮ ಹುಡುಗರು ಮುಖ ಮುಖ ನೋಡುತ್ತಾರೆ. ಉಳಿದಿರುವುದು ಮರದ ಕಡೆತ.

ಕಳೆದ ಮಹಾಸಭೆಯ ದಿನ ಈ ಕಸುಬು ಮಾಡುವ ನಮ್ಮ ಸದಸ್ಯರು ತಾವು ಕಡೆದ ಬಟ್ಟಲು, ಡಬ್ಬಿ, ಭರಣಿಗಳನ್ನು ತಂದು ಮೇಜಿನ ಮೇಲೆ ಜೋಡಿಸಿದ್ದರು. ಒಬ್ಬರದನ್ನು ಇನ್ನೊಬ್ಬರು ಕೈಗೆ ತಗೊಂಡು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಮುಚ್ಚಳ ತೆಗೆದು ಹಾಕಿ ನೋಡುವುದು. ಬಣ್ಣದ ಮಾತು ಆಮೇಲೆ. ಹಾಲೆ ಮರವನ್ನು (ಆಲೆ ಮರ ಅಂತಲೂ ಕರೆಯುತ್ತಾರೆ) ಕಡಿದು ಎರಡು ಮೂರು ತಿಂಗಳು ಒಣಗಿಸಬೇಕು. ಹಸಿಯಲ್ಲೇ ಕಡೆದರೆ ಒಣಗುವಾಗ ಮರ ಒಂದು ಕಡೆ ಹೆಚ್ಚು ಕುಗ್ಗಿ ದುಂಡಗಿದ್ದ ಬಾಯಿ ಮೊಟ್ಟೆಯಂತಾಗುತ್ತದೆ, ಮುಚ್ಚಳ ಕೂರುವುದಿಲ್ಲ. ಗೊಂಬೆಯಲ್ಲಿ ಇಂಥ ತಪ್ಪು ಮುಚ್ಚಿಹೋಗಬಹುದು, ಭರಣಿಯಲ್ಲಿ ಆಗದು. ಅದಕ್ಕೇ ಕಸುಬುದಾರನನ್ನು ಅಳೆಯಲು ನಮ್ಮ ಮಟ್ಟಿಗೆ ಭರಣಿಯೇ ಸರಿ.

ಹಿಂದೆ ಬಿಲ್ಲಿನ ಹಗ್ಗ ಸುತ್ತಿ ಕೈಯಿಂದ ಎಳೆದು ಮರ ತಿರುಗಿಸುತ್ತಿದ್ದರು. ಕರೆಂಟ್ ಬಂದ ಮೇಲೆ ಮೋಟಾರಿನ ಲೇತ್ ಆಯಿತು. ಬಣ್ಣ ಹಾಕುವ ರೀತಿ ಮಾತ್ರ ಹಳೆಯದೇ. ಅರಗಿಗೆ ಬಣ್ಣ ಬೆರೆಸಿ ಮಾಡಿದ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜಿದ ಕಾವಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ಗರಿ ಹಿಡಿದು ತಿಕ್ಕಿದರೆ ಹೊಳಪು ಬಂತು. ಬ್ರಷ್ಷೂ ಇಲ್ಲ, ಎಣ್ಣೆ ಪೇಂಟೂ ಇಲ್ಲ.

ಚೀನಾದ ಪ್ಲಾಸ್ಟಿಕ್ ಆಟಿಕೆ ಬಂದಾಗ ಎಷ್ಟೋ ಲೇತ್‌ಗಳು ನಿಂತುಹೋದವು. 2005-06ರಲ್ಲಿ ಚನ್ನಪಟ್ಟಣದ ಹೆಸರಿಗೆ ಜಿ.ಐ. ಮಾನ್ಯತೆ ಸಿಕ್ಕಿತು. 2007ರಲ್ಲಿ, ಚೀನಾದಲ್ಲಿ ತಯಾರಾದ ಆಟಿಕೆಗಳ ಬಣ್ಣದಲ್ಲಿ ಸೀಸ ಇದೆಯೆಂದು ಅಮೆರಿಕದ ಕಂಪನಿಯೇ ಲಕ್ಷಾಂತರ ಆಟಿಕೆ ವಾಪಸು ಪಡೆಯಿತು. ಅರಿಶಿನ, ನೀಲಿಯಂಥ ಗಿಡದ ಬಣ್ಣಕ್ಕೆ ಆಗ ಬೆಲೆ ತಿಳಿಯಿತು. ಇನ್ನೇನು ಚೇತರಿಸಿತು ಅನ್ನುವಾಗ 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಗಿ ವಾಹನಗಳು ಊರ ಹೊರಗಿನಿಂದಲೇ ಹೋಗತೊಡಗಿದವು. ರಸ್ತೆ ಬದಿ ಅಂಗಡಿಯವರಿಗೆ ವ್ಯಾಪಾರ ಬಿದ್ದುಹೋಯಿತು. ರಸ್ತೆ ಬೇಡವೆಂದು ನಾವು ಹೇಳುವುದಿಲ್ಲ, ನಮ್ಮ ಎಳನೀರೂ ಅದರಲ್ಲೇ ಹೋಗುತ್ತದೆ.

ಆದರೆ ಗಿರಾಕಿಯಷ್ಟೇ ಮರವೂ ಮುಖ್ಯ. ತೆಂಗು, ಹಿಪ್ಪುನೇರಳೆ ಹಾಕುವ ಭರದಲ್ಲಿ ರೈತರಾದ ನಾವೇ ಬದುವಿನ ಹಾಲೆ ಮರಗಳನ್ನು ತೆಗೆದೆವು. ಈ ಸಲ ಸಸಿ ಮಾಡಿ ಸದಸ್ಯರಿಗೆ ಹಂಚಬೇಕೆಂದು ಆಡಳಿತ ಮಂಡಳಿಯಲ್ಲಿ ಮಾತಾಗಿದೆ. ಹಾಲೆಯ ಜೋಡಿಕಾಯಿ ಬಲಿತು ಒಡೆದರೆ ಬೀಜ ರೋಮದ ಸಮೇತ ಗಾಳಿಗೆ ಹಾರಿಹೋಗುತ್ತದೆ. ಬದುವಿನಲ್ಲಿ ಮರ ಉಳಿಸಿಕೊಂಡಿರುವವರು ಕಾಯಿ ಒಡೆಯುವ ಮೊದಲೇ ಕಾರ್ಯದರ್ಶಿಗಳಿಗೆ ತಿಳಿಸಬೇಕಾಗಿ ವಿನಂತಿ.