ಅನ್ನ, ವಸತಿ, ದಾರಿ: ಬಾಗಲಕೋಟೆ ಸೀಮೆಯ ಹೆಣ್ಣುಮಕ್ಕಳು ಕಾಲೇಜು ಆರಿಸಿದ ಬಗೆ

ಕಾಲೇಜು ಆರಿಸುವ ಮುನ್ನ ಅಲ್ಲಿ ಹುಡುಗರೆಷ್ಟು, ಹುಡುಗಿಯರೆಷ್ಟು ಎಂದು ವಿಚಾರಿಸುವುದು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಗೆ ಹೊಸದಲ್ಲವಾದರೂ, ಹಾಗೆ ವಿಚಾರಿಸುತ್ತಿದ್ದವರು ಓದುವ ಮಕ್ಕಳಲ್ಲ, ಮನೆಯ ಹಿರಿಯರು. ಅದೂ ಮಗಳ ವಿಷಯ ಬಂದಾಗ ಮಾತ್ರ. ಸಹಶಿಕ್ಷಣ, ಅಂದರೆ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಒಂದೇ ತರಗತಿಯಲ್ಲಿ ಕೂತು ಕಲಿಯುವ ಪದ್ಧತಿ, ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಪುಣೆ, ಮುಂಬಯಿಗಳ ಸಭೆಗಳಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಇಲ್ಲಿನ ಮನೆಗಳಲ್ಲಿ ಏಳುತ್ತಿದ್ದ ಪ್ರಶ್ನೆಗಳು ಬೇರೆಯೇ ಆಗಿದ್ದವು: ಹುಡುಗಿ ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು, ಯಾರ ಜೊತೆ ಹೋಗಿಬರಬೇಕು. ಈ ಸೀಮೆಯ ಕಾಲೇಜುಗಳ ಲಿಂಗಾನುಪಾತವನ್ನು ನಿರ್ಧರಿಸಿದ್ದು ಪ್ರವೇಶದ ನಿಯಮಕ್ಕಿಂತ ಹೆಚ್ಚಾಗಿ ಈ ಮೂರು ಪ್ರಶ್ನೆಗಳೇ.

ನಿಯಮದ ಅಡ್ಡಿ ಬಹಳ ಹಿಂದೆಯೇ ಸರಿದಿತ್ತು. ಮುಂಬಯಿ ವಿಶ್ವವಿದ್ಯಾಲಯ 1883ರಲ್ಲಿ ತನ್ನ ಪರೀಕ್ಷೆಗಳನ್ನು ಹೆಂಗಸರಿಗೂ ತೆರೆಯಿತು. 1888ರಲ್ಲಿ ಕಾರ್ನೀಲಿಯಾ ಸೊರಾಬ್ಜಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ ಆ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆಯಾದರು. 1916ರಲ್ಲಿ ಧೋಂಡೋ ಕೇಶವ ಕರ್ವೆಯವರು ಹೆಂಗಸರಿಗಾಗಿಯೇ ಬೇರೆ ವಿಶ್ವವಿದ್ಯಾಲಯ ಕಟ್ಟಿದರು. ಇಂದಿನ ಬಾಗಲಕೋಟೆ ಜಿಲ್ಲೆಯ ಬಹುಭಾಗ ಆಗ ಇದೇ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿತ್ತು, ಆದ್ದರಿಂದ ಕಾಗದದ ಮೇಲೆ ಬಾದಾಮಿಯ ಹುಡುಗಿಗೂ ಪುಣೆಯ ಹುಡುಗಿಗೂ ಇದ್ದ ಹಕ್ಕು ಒಂದೇ. ಆದರೆ ಕನ್ನಡ ನಾಡಿನ ಈ ಭಾಗಕ್ಕೆ ತನ್ನದೆಂಬ ಕಾಲೇಜು ಸಿಕ್ಕಿದ್ದು 1917ರಲ್ಲಿ, ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದಾಗ. ಅಲ್ಲಿಯವರೆಗೆ ಕಾಲೇಜೆಂದರೆ ಪುಣೆ ಅಥವಾ ಮುಂಬಯಿ, ಮನೆಯಲ್ಲಿ ಮರಾಠಿಯೋ ಇಂಗ್ಲಿಷೋ ಬಲ್ಲವರಿಗಷ್ಟೇ ಎಟುಕುವ ದೂರ. ಧಾರವಾಡವೂ ಎಲ್ಲರಿಗೂ ಒಂದೇ ದೂರದಲ್ಲಿರಲಿಲ್ಲ: 1884ರಲ್ಲಿ ತೆರೆದ ಹೋಟಗಿ–ಗದಗ ರೈಲುದಾರಿ ವಿಜಾಪುರದಿಂದ ಬಾಗಲಕೋಟೆ, ಬಾದಾಮಿಗಳ ಮೂಲಕ ಹಾದುಹೋದದ್ದರಿಂದ ಆ ಎರಡು ಊರಿನವರು ರೈಲು ಹತ್ತಿ ಗದಗ, ಹುಬ್ಬಳ್ಳಿ ಹಾದು ಧಾರವಾಡ ಸೇರಬಹುದಿತ್ತು, ಹುನಗುಂದ, ಇಳಕಲ್ಲಿನವರು ಮಾತ್ರ ಚಕ್ಕಡಿ ಹೂಡಿಕೊಂಡು ರೈಲಿದ್ದ ಊರಿಗೆ ಬರಬೇಕಿತ್ತು.

ದಾರಿಗಿಂತ ದೊಡ್ಡ ತೊಡಕು ಅನ್ನದ್ದು. ಬಡವರ ಗಂಡುಮಕ್ಕಳನ್ನು ಓದಿಸಲು ಈ ಸೀಮೆ ತನ್ನದೇ ಏರ್ಪಾಡುಗಳನ್ನು ಕಂಡುಕೊಂಡಿತ್ತು. ಅವುಗಳಲ್ಲಿ ಒಂದು ವಾರಾನ್ನ: ಪರವೂರಿಗೆ ಓದಲು ಬಂದ ಹುಡುಗ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ ಹೀಗೆ ವಾರ ಪೂರ್ತಿ ಉಂಡು ವರ್ಷ ಕಳೆಯುತ್ತಿದ್ದ ಪದ್ಧತಿ. ಇನ್ನೊಂದು ಕಂತಿ ಭಿಕ್ಷೆ: ಮಠದಲ್ಲಿ ಇಳಿದುಕೊಂಡ ಹುಡುಗರು ಜೋಳಿಗೆ ಹಿಡಿದು ಭಕ್ತರ ಓಣಿಗಳಲ್ಲಿ ತಿರುಗಿ ರೊಟ್ಟಿ, ಪಲ್ಯ ತಂದು ಹಂಚಿಕೊಂಡು ಉಣ್ಣುತ್ತಿದ್ದ ರೂಢಿ. ಇದೇ ಮುಂದೆ ಮಠಗಳ ಉಚಿತ ಪ್ರಸಾದ ನಿಲಯಗಳಾಗಿ, ಅಂದರೆ ಊಟ–ವಸತಿಗಳೆರಡನ್ನೂ ಪುಕ್ಕಟೆ ಕೊಡುವ ವಿದ್ಯಾರ್ಥಿನಿಲಯಗಳಾಗಿ ಬೆಳೆಯಿತು. ಧಾರವಾಡದ ಮುರುಘಾಮಠದ ನಿಲಯ ಅವುಗಳಲ್ಲಿ ಹೆಸರುವಾಸಿ. ಉತ್ತರ ಕರ್ನಾಟಕದ ಎರಡು ಮೂರು ತಲೆಮಾರಿನ ವಕೀಲರು, ಮಾಸ್ತರರು, ಸಾಹಿತಿಗಳು ಇಂಥ ಅನ್ನ ಉಂಡು ಬೆಳೆದವರೆಂಬುದು ಅಭಿಮಾನದ ಮಾತೇ ಹೌದು. ಆದರೆ ಪರರ ಮನೆಯ ಪಡಸಾಲೆಯಲ್ಲಿ ವಾರಕ್ಕೊಮ್ಮೆ ಎಲೆ ಹಾಕಿಸಿಕೊಳ್ಳುವುದಾಗಲಿ, ಜೋಳಿಗೆ ಹಿಡಿದು ಓಣಿ ತಿರುಗುವುದಾಗಲಿ, ಮಠದ ಕಟ್ಟೆಯ ಮೇಲೆ ಮಲಗುವುದಾಗಲಿ ಹುಡುಗಿಗೆ ಸಾಧ್ಯವಿರಲಿಲ್ಲ. ಹೀಗಾಗಿ ಬಡತನ ಒಂದೇ ಆಗಿದ್ದರೂ ಅಣ್ಣನಿಗೆ ಅದನ್ನು ದಾಟುವ ಹಾದಿಯೊಂದಿತ್ತು, ತಂಗಿಗೆ ಇರಲಿಲ್ಲ. ಕಾಲೇಜುಗಳ ಹಾಜರಿ ಪುಸ್ತಕದಲ್ಲಿ ಹೆಣ್ಣಿನ ಹೆಸರುಗಳು ಬೆರಳೆಣಿಕೆಯಷ್ಟಿದ್ದುದಕ್ಕೆ ಸಂಪ್ರದಾಯವೊಂದನ್ನೇ ದೂರುವವರು ಈ ಅನ್ನದ ಲೆಕ್ಕವನ್ನು ಮರೆತಿದ್ದಾರೆ.

ಹುಡುಗಿಯ ಓದು ಬಹುಪಾಲು ಮನೆಗಳಲ್ಲಿ ಊರ ಸಾಲೆಯಲ್ಲೇ ಮುಗಿಯುತ್ತಿತ್ತು. ಓದಿನ ತುದಿಯೆಂದರೆ ಮುಲ್ಕಿ, ಅಂದರೆ ಕನ್ನಡ ಏಳನೆಯ ಇಯತ್ತೆಯ ಕೊನೆಗೆ ನಡೆಯುತ್ತಿದ್ದ ಪರೀಕ್ಷೆ. ಅದನ್ನು ಪಾಸಾದವರಿಗೆ ಪ್ರಾಥಮಿಕ ಶಾಲೆಯ ಶಿಕ್ಷಕ ವೃತ್ತಿ ಎಟುಕುತ್ತಿತ್ತು. ನೇಕಾರರ ಊರಾದ ಇಳಕಲ್ಲಿನಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿತ್ತು. ಗಂಡಸು ಕುಣಿ ಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತ ಕೂತರೆ, ನೂಲು ತೋಡುವುದು, ಲಾಳಿಯೊಳಗೆ ಕೂರುವ ಕಂಡಿಕೆ ಸುತ್ತುವುದು ಮೊದಲಾದ ಕೆಲಸಗಳೆಲ್ಲ ಮನೆಯ ಹೆಂಗಸರು, ಮಕ್ಕಳ ಪಾಲಿಗೆ ಬರುತ್ತಿದ್ದವು. ಈ ದುಡಿಮೆಗೆ ಬೇರೆ ಕೂಲಿಯಿಲ್ಲ, ಸೀರೆಯ ಮಜೂರಿಯಲ್ಲೇ ಅದು ಅಡಗಿಹೋಗುತ್ತಿತ್ತು. ಕಂಡಿಕೆ ಸುತ್ತುವ ಮಗಳನ್ನು ಪರವೂರಿನ ಕಾಲೇಜಿಗೆ ಕಳಿಸುವುದೆಂದರೆ ಖರ್ಚು ಕೂಡುವುದಷ್ಟೇ ಅಲ್ಲ, ಮಗ್ಗದ ಪಕ್ಕದ ಎರಡು ಕೈಗಳು ಇಲ್ಲವಾಗುವುದೂ ಹೌದು.

ಬಾದಾಮಿಯ ಮಾತೇ ಬೇರೆ, ಅಲ್ಲಿ ಕೊರತೆಯಿದ್ದದ್ದು ಪರಂಪರೆಗಲ್ಲ. ಇಮ್ಮಡಿ ಪುಲಕೇಶಿಯ ಮಗ ಚಂದ್ರಾದಿತ್ಯನ ರಾಣಿ ವಿಜಯಭಟ್ಟಾರಿಕೆ ತನ್ನ ಹೆಸರಿನಲ್ಲಿಯೇ ದಾನಶಾಸನ ಹೊರಡಿಸಿದವಳು. ಸಂಸ್ಕೃತದ ಕವಯಿತ್ರಿ ವಿಜ್ಜಿಕೆ ಇವಳೇ ಎನ್ನುವ ವಿದ್ವಾಂಸರೂ ಇದ್ದಾರೆ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯಲ್ಲಿ ಕಟ್ಟಿದ ಶಿವಯೋಗ ಮಂದಿರವು ಮಠಗಳಿಗೆ ಸ್ವಾಮಿಗಳನ್ನು ತಯಾರು ಮಾಡಿದ ದೊಡ್ಡ ಗುರುಕುಲವಾಗಿದ್ದರೂ, ವಟುಗಳ, ಅಂದರೆ ದೀಕ್ಷೆಗೆ ಸಿದ್ಧರಾಗುವ ಬಾಲಕರ, ಸಂಸ್ಥೆಯಾಗಿತ್ತು. ವಿಜ್ಜಿಕೆಯ ಹೆಸರನ್ನು ಭಾಷಣಗಳಲ್ಲಿ ಸ್ಮರಿಸಿದಷ್ಟು ಸುಲಭವಾಗಿ ಹೆಣ್ಣುಮಕ್ಕಳ ವಸತಿಗೃಹಗಳು ಏಳಲಿಲ್ಲ.

ಚಿತ್ರ ಬದಲಾಗತೊಡಗಿದ್ದು ಕಾಲೇಜೇ ಊರಿಗೆ ಬಂದಾಗ. ಬೀಳೂರು ಗುರುಬಸವ ಸ್ವಾಮಿಗಳ ಪ್ರೇರಣೆಯಿಂದ 1906ರಲ್ಲಿ ಬಾಗಲಕೋಟೆಯಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಶಾಲೆಗಳಿಂದ ಆರಂಭಿಸಿ ಕಲಾ, ವಿಜ್ಞಾನ ಕಾಲೇಜುಗಳನ್ನೂ, 1963ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ ತೆರೆಯಿತು. ಹುನಗುಂದ, ಇಳಕಲ್ಲುಗಳಲ್ಲಿ ವಿಜಯಮಹಾಂತೇಶನ ಹೆಸರಿನ ಸಂಸ್ಥೆಗಳು ಅದೇ ಕೆಲಸ ಮಾಡಿದವು. ಇವು ಸಹಶಿಕ್ಷಣದ ಕಾಲೇಜುಗಳೇ ಆಗಿದ್ದರೂ ಮಗಳು ಬೆಳಿಗ್ಗೆ ಹೋಗಿ ಮಧ್ಯಾಹ್ನ ಮನೆಗೆ ಬಂದು ಉಣ್ಣುವಂತಾದಾಗ ಹಿರಿಯರ ತಕರಾರಿನ ಬಿಗಿ ಸಡಿಲವಾಯಿತು. ಅನುಪಾತ ತಿದ್ದಲು ಉಪದೇಶಕ್ಕಿಂತ ಹತ್ತಿರವೇ ಹೆಚ್ಚು ಕೆಲಸ ಮಾಡಿತೆಂದರೆ ತಪ್ಪಾಗದು.

ಹುನಗುಂದ ಕ್ಷೇತ್ರದಿಂದ ಗೆದ್ದು 1962ರಲ್ಲಿ ಕೆಲವು ತಿಂಗಳು ಮುಖ್ಯಮಂತ್ರಿಯಾಗಿ, ಬಳಿಕ ಶಿಕ್ಷಣ ಸಚಿವರಾಗಿದ್ದ ಎಸ್.ಆರ್. ಕಂಠಿಯವರ ಕಾಲ ಈ ಕಥೆಯಲ್ಲಿ ಗಮನಿಸತಕ್ಕದ್ದು. 1963ರಲ್ಲಿ ವಿಜಾಪುರದಲ್ಲಿ ಆರಂಭವಾದ ಸೈನಿಕ ಶಾಲೆ ಗಂಡುಮಕ್ಕಳಿಗೆ ಮಾತ್ರ ಮೀಸಲಾಗಿತ್ತು. 1969ರಲ್ಲಿ ಕಂಠಿಯವರ ಮುತುವರ್ಜಿಯಿಂದ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನ ಹೆಣ್ಣುಮಕ್ಕಳ ವಸತಿ ಶಾಲೆ ಎದ್ದಿತು. ಒಂದೇ ಶಾಲೆಯ ಬಾಗಿಲನ್ನು ಇಬ್ಬರಿಗೂ ತೆರೆಯುವ ಬದಲು ಇನ್ನೊಂದು ಶಾಲೆ ಕಟ್ಟುವುದು ಆ ಕಾಲಕ್ಕೆ ತೋಚಿದ ಪರಿಹಾರ. ವಿಜಾಪುರದ ಶಾಲೆ ಹುಡುಗಿಯರನ್ನು ಸೇರಿಸಿಕೊಂಡದ್ದು ಐವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ. ಆದರೂ ಕಿತ್ತೂರಿನ ಪ್ರಯೋಗವನ್ನು ಹಗುರವಾಗಿ ಕಾಣುವಂತಿಲ್ಲ, ಏಕೆಂದರೆ ಅನ್ನ, ವಸತಿಗಳ ಸಮಸ್ಯೆಯನ್ನು ಹುಡುಗಿಯರ ಪರವಾಗಿ ಶಾಲೆಯೇ ಹೊತ್ತುಕೊಂಡಿತ್ತು.

ಇದೇ ತರ್ಕ ಕಾಲೇಜಿನ ಮಟ್ಟದಲ್ಲೂ ಮುಂದುವರಿದು, ಬಾಗಲಕೋಟೆಯಲ್ಲಿ ಅಕ್ಕಮಹಾದೇವಿಯ ಹೆಸರಿನ ಮಹಿಳಾ ಕಾಲೇಜು ಬಂತು. 2003ರಲ್ಲಿ ವಿಜಾಪುರದಲ್ಲಿ ರಾಜ್ಯ ಮಹಿಳಾ ವಿಶ್ವವಿದ್ಯಾಲಯ ಸ್ಥಾಪನೆಯಾಗಿ 2017ರಲ್ಲಿ ಅದಕ್ಕೂ ಅಕ್ಕನ ಹೆಸರೇ ಬಂತು. ಮನೆ, ಗಂಡ, ಅರಮನೆ ತೊರೆದು ಒಬ್ಬಳೇ ಕಲ್ಯಾಣಕ್ಕೆ ನಡೆದವಳ ಹೆಸರನ್ನು, ಮಗಳು ಒಬ್ಬಳೇ ದೂರ ಹೋಗಬಾರದೆಂಬ ಮನೆಯವರಿಗೆ ಒಪ್ಪಿಗೆಯಾಗುವ ಸಂಸ್ಥೆಗಳಿಗೆ ಇಟ್ಟದ್ದು ಸಣ್ಣ ವಿಪರ್ಯಾಸ. ಹಾಗೆಂದು ಅವು ಅನಗತ್ಯವಾಗಿದ್ದವು ಎನ್ನಲಾಗದು: 2011ರ ಜನಗಣತಿಯಲ್ಲಿ ಬಾಗಲಕೋಟೆ ಜಿಲ್ಲೆಯ ಗಂಡಸರ ಸಾಕ್ಷರತೆ ಶೇ. 79.23 ಇದ್ದರೆ ಹೆಂಗಸರದ್ದು ಶೇ. 58.40 ಮಾತ್ರ ಇತ್ತು.

ದೇಶದ ಒಟ್ಟು ಲೆಕ್ಕದಲ್ಲಿ ಉನ್ನತ ಶಿಕ್ಷಣಕ್ಕೆ ಸೇರುವ ಹೆಣ್ಣುಮಕ್ಕಳ ಪ್ರಮಾಣ ಈಗ ಗಂಡುಮಕ್ಕಳಿಗೆ ಸರಿಸಮವಾಗಿದೆ, ಆದ್ದರಿಂದ ಅನುಪಾತದ ಪ್ರಶ್ನೆ ಕಾಲೇಜಿನಿಂದ ಕೋರ್ಸಿಗೆ ಸರಿದಿದೆ, ಬಿ.ಟೆಕ್. ಓದುವವರಲ್ಲಿ ಹುಡುಗಿಯರು ನೂರಕ್ಕೆ ಮೂವತ್ತರೊಳಗೇ ಇದ್ದಾರೆ. ಐಐಟಿಗಳು 2018ರಿಂದ ಹುಡುಗಿಯರಿಗೆ ಹೆಚ್ಚುವರಿ ಸೀಟುಗಳನ್ನು, ಅಂದರೆ ಇದ್ದ ಸೀಟು ಕಡಿಮೆ ಮಾಡದೆ ಮೇಲೆ ಸೇರಿಸಿದ ಸೀಟುಗಳನ್ನು, ಕೊಡುತ್ತಿವೆ. ಅಂಥ ಐಐಟಿಯೊಂದು 2016ರಿಂದ ಧಾರವಾಡದಲ್ಲೇ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚೂ ಇಲ್ಲ. ರೈಲು ಮಾತ್ರ 1884ರಲ್ಲಿ ಬಾಗಲಕೋಟೆ, ಬಾದಾಮಿಗಳಿಗೆ ಬಂದದ್ದು, ಹುನಗುಂದಕ್ಕೂ ಇಳಕಲ್ಲಿಗೂ ಇಂದಿಗೂ ಬಂದಿಲ್ಲ.