ಶಾಲೆಯ ಚೀಲದಲ್ಲಿ ಆರೈಕೆಯ ಹಾಳೆ

ಸಕ್ಕರೆ ಕಾಯಿಲೆ ಎಂದೊಡನೆ ನಮಗೆ ನೆನಪಾಗುವವರು ಹಿರಿಯರು. ಆದರೆ ಶಾಲೆಗೆ ಹೋಗುವ ಮಕ್ಕಳಿಗೂ ಇದು ಬರುವುದುಂಟು. ಸಿಹಿ ತಿಂದದ್ದು ಇದಕ್ಕೆ ಕಾರಣವಲ್ಲ. ಒಂದನೆಯ ಬಗೆಯ ಮಧುಮೇಹದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ಆಗ ಮಗುವಿಗೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ. ಎಷ್ಟು ಉಂಡರೂ ಮೈ ಸೊರಗುತ್ತದೆ.

1922ಕ್ಕೆ ಮೊದಲು ಈ ಮಕ್ಕಳಿಗಿದ್ದ ಚಿಕಿತ್ಸೆಯೆಂದರೆ ಅರೆಹೊಟ್ಟೆ. ಸಾವು ಕೆಲಕಾಲ ಮುಂದೆ ಹೋಗುತ್ತಿತ್ತು, ಅಷ್ಟೆ. ಆ ವರ್ಷದ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಚುಚ್ಚಲಾಯಿತು. 11ರಂದು ಕೊಟ್ಟ ಮದ್ದು ಅಶುದ್ಧವಾಗಿತ್ತು. ಶುದ್ಧಗೊಳಿಸಿ 23ರಂದು ಕೊಟ್ಟದ್ದು ಫಲಿಸಿತು. ಅದೇ ಆಗಸ್ಟ್‌ನಲ್ಲಿ ಎಲಿಜಬೆತ್ ಹ್ಯೂಸ್ ಎಂಬ ಅಮೆರಿಕದ ಬಾಲಕಿ ಅಲ್ಲಿಗೆ ಬಂದಳು. ಹದಿನೈದರ ಹೊಸ್ತಿಲಲ್ಲಿದ್ದ ಅವಳ ತೂಕ ಸುಮಾರು 20 ಕಿಲೋ. ಜೊತೆಗಿದ್ದ ದಾದಿ ಅವಳ ಪ್ರತಿ ತುತ್ತನ್ನೂ ತೂಗಿ ಕೊಡುತ್ತಿದ್ದರು. ಎಲಿಜಬೆತ್ ಸೂಜಿ ಚುಚ್ಚಿಕೊಳ್ಳುವುದನ್ನು ತಾನೇ ಕಲಿತಳು. ಆಕೆ 1981ರವರೆಗೆ ಬದುಕಿದ್ದರು.

ಮದ್ದು ಸಿಕ್ಕಿತು. ಆದರೆ ಎಷ್ಟು, ಯಾವಾಗ, ಯಾರು ಕೊಡಬೇಕು? ಪ್ರಮಾಣ ಕಡಿಮೆಯಾದರೆ ಸಕ್ಕರೆ ಏರುತ್ತದೆ. ಹೆಚ್ಚಾದರೆ ಇಳಿದು ಪ್ರಜ್ಞೆ ತಪ್ಪುತ್ತದೆ. ಊಟ, ಆಟ, ಜ್ವರ ಎಲ್ಲವೂ ಈ ಲೆಕ್ಕವನ್ನು ಬದಲಿಸುತ್ತವೆ. ಬಾಸ್ಟನ್ನಿನ ವೈದ್ಯ ಎಲಿಯಟ್ ಜಾಸ್ಲಿನ್ ದಾದಿಯರಿಗೆ ತರಬೇತಿ ಕೊಟ್ಟು ರೋಗಿಗಳ ಮನೆಗಳಿಗೇ ಕಳುಹಿಸಿದರು. ಮನೆಯಲ್ಲಿ ಮೂತ್ರಪರೀಕ್ಷೆ ಮಾಡುವುದನ್ನೂ ಆಗ ಕಲಿಸಲಾಗುತ್ತಿತ್ತು. ನಿಮ್ಮ ಪ್ರಯೋಗಾಲಯದ ಬೆನೆಡಿಕ್ಟ್ ದ್ರಾವಣವೇ ಅದಕ್ಕೆ ಸಾಧನ: ಕಾಯಿಸಿದಾಗ ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ, ಇಟ್ಟಿಗೆಗೆಂಪಾದರೆ ಹೆಚ್ಚು.

ಹೀಗೆ ಬೆಳೆದ ಅನುಭವ ಕ್ರಮೇಣ ಶಾಸ್ತ್ರವಾಯಿತು. 1967ರಲ್ಲಿ ಹೆಲೆನ್ ಯೂರಾ ಮತ್ತು ಮೇರಿ ವಾಲ್ಷ್ ಶುಶ್ರೂಷೆಯನ್ನು ನಾಲ್ಕು ಹೆಜ್ಜೆಗಳಲ್ಲಿ ವಿವರಿಸಿದರು: ಪರಿಶೀಲನೆ, ಯೋಜನೆ, ಕಾರ್ಯ, ಮೌಲ್ಯಮಾಪನ. ಈ ಹೆಜ್ಜೆಗಳನ್ನು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಒಂದು ಹಳ್ಳಿಶಾಲೆಗೆ ಹೊಂದಿಸಿ ನೋಡೋಣ.

ಅದು ಬಹುಪಾಲು ಆಂಧ್ರದ ಗಡಿ ಸುತ್ತುವರಿದ ಬಿಸಿಲ ಸೀಮೆ. ತೆರೆಯದ ಇನ್ಸುಲಿನ್ ಸೀಸೆ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಮನೆಯಲ್ಲಿ ಫ್ರಿಜ್ ಇದೆಯೇ? ಇಲ್ಲದಿದ್ದರೆ ಬಳಕೆಯಲ್ಲಿರುವ ಸೀಸೆಯನ್ನು ನೀರು ಸೋಕದಂತೆ ಒದ್ದೆ ಮರಳಿನ ಮಣ್ಣಿನ ಮಡಕೆಯಲ್ಲಿಡುವುದನ್ನು ಕಲಿಸಬೇಕು. ಇದು ಪರಿಶೀಲನೆ. ಶಾಲೆಯ ಬಿಸಿಯೂಟ ಎಷ್ಟು ಗಂಟೆಗೆ, ಆಟದ ಪೀರಿಯಡ್ ಯಾವಾಗ ಎಂದು ತಿಳಿದು ಚುಚ್ಚುಮದ್ದಿನ ವೇಳೆ ಹೊಂದಿಸುವುದು ಯೋಜನೆ. ದಿನವೂ ಅದರಂತೆ ನಡೆದುಕೊಳ್ಳುವುದು ಕಾರ್ಯ. ಸಕ್ಕರೆಯ ಅಳತೆಯನ್ನು ಪುಸ್ತಕದಲ್ಲಿ ಬರೆದು, ನೋಡಿ, ಯೋಜನೆಯನ್ನು ತಿದ್ದುವುದು ಮೌಲ್ಯಮಾಪನ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಸಾಮಾನ್ಯವಾಗಿ ದಾದಿ ಇರುವುದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಆದರೆ ಈ ಕಾಯಿಲೆಗೆ ಪ್ರತಿದಿನದ ನಿಗಾ ಬೇಕು. ಆದ್ದರಿಂದ ದಾದಿ ಬರೆದುಕೊಟ್ಟ ಹಾಳೆ ಮೇಷ್ಟರ ಕೈಗೂ ಸೇರಬೇಕು. ತರಗತಿಯಲ್ಲಿ ತೂಕಡಿಸುವ ಮಗುವನ್ನು ಸೋಮಾರಿಯೆಂದು ಗದರಿ ಬಿಟ್ಟರೆ ಜೀವಕ್ಕೇ ಅಪಾಯವಾದೀತು.

ನಿಯಮಗಳೂ ನಿಧಾನವಾಗಿ ಬದಲಾಗಿವೆ. 2017ರಲ್ಲಿ ಸಿಬಿಎಸ್‌ಇ ಮಂಡಳಿ ಮಧುಮೇಹವಿರುವ ವಿದ್ಯಾರ್ಥಿಗಳಿಗೆ ಪರೀಕ್ಷಾ ಕೊಠಡಿಗೆ ತಿನಿಸು ಒಯ್ಯಲು ಅನುಮತಿ ನೀಡಿತು. 2022ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಒಂದನೆಯ ಬಗೆಯ ಮಧುಮೇಹಕ್ಕೆಂದೇ ಮಾರ್ಗಸೂಚಿ ಹೊರತಂದಿತು.

ವಿದ್ಯಾರ್ಥಿಗಳೇ, ಈ ಕಾಯಿಲೆಯಿರುವ ನಿಮ್ಮ ಪಕ್ಕದ ಗೆಳೆಯ ಬೆವರಿ, ನಡುಗಿ, ತಡವರಿಸಿದರೆ ಕೂಡಲೇ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಕೊಡಿ, ಮೇಷ್ಟರನ್ನು ಕರೆಯಿರಿ. 15 ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಿ. ಎಲಿಜಬೆತ್ ಪಕ್ಕದಲ್ಲಿ ದಿನವಿಡೀ ಒಬ್ಬ ದಾದಿಯಿದ್ದರು. ಹಳ್ಳಿಶಾಲೆಯ ಮಗುವಿನ ಪಕ್ಕದಲ್ಲಿ ಇರುವವರು ನೀವೇ.