ಶೆಟ್ಟಿಹಳ್ಳಿ ಚರ್ಚಿನ ಮೊದಲ ದಿನಗಳು: ದಾನಶಾಸನವಿಲ್ಲದ ದೇವಾಲಯಕ್ಕೆ ಚರಿತ್ರೆ ಎಲ್ಲಿಂದ?

ಹಾಸನ ಜಿಲ್ಲೆ ಅಂದ ಕೂಡಲೇ ನಮ್ಮಂಥ ಶಾಸನಾಸಕ್ತರ ತಲೆಗೆ ಬರುವುದು ಹೊಯ್ಸಳರು, ಬೇಲೂರು, ಹಳೇಬೀಡು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟ, ಅಂದರೆ 1902ರ ಹಾಸನ ಜಿಲ್ಲೆಯ ಸಂಪುಟ, ಕೈಗೆತ್ತಿಕೊಂಡರೆ ಹತ್ತಿಪ್ಪತ್ತು ಪುಟದಲ್ಲೇ ಒಂದು ಜನ್ಮಕ್ಕಾಗುವಷ್ಟು ಕೆಲಸ ಸಿಗುತ್ತದೆ. ಅದೇ ಜಿಲ್ಲೆಯಲ್ಲಿ ಹೇಮಾವತಿ ಹಿನ್ನೀರಿನಲ್ಲಿ ವರ್ಷಕ್ಕೊಮ್ಮೆ ಮುಳುಗಿ ಏಳುವ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ಚರ್ಚು ಇದೆ. ಅದರ ಫೋಟೋ ನೀವೆಲ್ಲ ನೋಡಿಯೇ ಇರುತ್ತೀರಿ. ಆದರೆ ಅದರ ಚರಿತ್ರೆ ಹೇಳಿ ಅಂದರೆ ಸಿಗುವುದು ಎರಡೇ ಸಾಲು: "1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದರು, ಆಲೂರು-ಸಕಲೇಶಪುರದ ಬ್ರಿಟಿಷ್ ತೋಟದ ದೊರೆಗಳಿಗಾಗಿ."

ಮೊದಲನೇ ಸಾಲಿನ ಬಗ್ಗೆ ನನಗೆ ತಕರಾರಿಲ್ಲ. ಎರಡನೆಯದನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡೋಣ.

ಮಂಜರಾಬಾದಿನಲ್ಲಿ ಯುರೋಪಿಯನ್ನರ ಕಾಫಿ ತೋಟ ಶುರುವಾದದ್ದು 1843ರಲ್ಲಿ, ಗ್ರೀನ್ ಎಂಬವರಿಂದ. 1856ರಲ್ಲಿ ಬಂದ ಆರ್.ಎಚ್. ಎಲಿಯಟ್ ತಮ್ಮ ಅನುಭವಗಳನ್ನು ಪುಸ್ತಕವಾಗಿಯೇ ಬರೆದರು. ಅಂದರೆ 1860ರ ಹೊತ್ತಿಗೆ ದೊರೆಗಳು ಅಲ್ಲಿದ್ದದ್ದು ನಿಜ. ಆದರೆ ಅವರಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು. ಜಪಮಾಲೆ ಮಾತೆಯ ಹೆಸರಿನ ಕ್ಯಾಥೋಲಿಕ್ ಚರ್ಚು, ಅದೂ ಫ್ರೆಂಚ್ ಪಾದ್ರಿಗಳದ್ದು, ಅವರಿಗೇಕೆ ಬೇಕು? ಅವರ ತೋಟಗಳು ಮಲೆನಾಡಿನ ಸೆರಗಿನಲ್ಲಿ. ಶೆಟ್ಟಿಹಳ್ಳಿ ಇರುವುದು ಗೊರೂರಿನ ಹತ್ತಿರ, ಹೊಳೆ ದಂಡೆಯ ಬೇಸಾಯದ ಸೀಮೆಯಲ್ಲಿ. ಚರ್ಚು ಯಾರಿಗಾಗಿ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ತೋಟದಲ್ಲಲ್ಲ, ಹೊಲದಲ್ಲಿ.

ಇಲ್ಲಿಗೆ ಕ್ರೈಸ್ತ ರೈತರು ಬಂದ ಕಥೆ ಹಳೆಯದು. ಮೈಸೂರು ಸೀಮೆಯ ಜೆಸ್ವಿಟ್ ಮಿಷನ್ನನ್ನು ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಆರಂಭಿಸಿದ್ದು 1648ರ ಸುಮಾರಿಗೆ, ಶ್ರೀರಂಗಪಟ್ಟಣದಲ್ಲಿ. 1773ರಲ್ಲಿ ಪೋಪರು ಜೆಸ್ವಿಟ್ ಸಭೆಯನ್ನೇ ರದ್ದು ಮಾಡಿದ ಮೇಲೆ ಕೆಲಸ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಕೈಗೆ ಬಂತು. ಆ ಸಂಸ್ಥೆಯಿಂದ 1792ರಲ್ಲಿ ಭಾರತಕ್ಕೆ ಹೊರಟ ಆಬೆ ದ್ಯುಬುವಾ, 1799ರಲ್ಲಿ ಟಿಪ್ಪು ಮಡಿದ ನಂತರ ಮೈಸೂರು ಸೀಮೆಗೆ ಬಂದು ಚದುರಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಿದರು. ಗಂಜಾಂನ ಹಳೇ ಚರ್ಚು ಇಂದಿಗೂ ಅವರ ಹೆಸರಿನಲ್ಲೇ ಇದೆ. ಹಾಸನದ ಹತ್ತಿರ ಸಾತಳ್ಳಿಯಲ್ಲಿ ಅವರು ನೆಲೆಗೊಳಿಸಿದ್ದು ಒಂದು ಬೇಸಾಯದ ವಸಾಹತು. ಸಿಡುಬಿನ ವಿರುದ್ಧ ಊರೂರು ಸುತ್ತಿ 1803-04ರಲ್ಲಿ 25,000ಕ್ಕೂ ಹೆಚ್ಚು ಜನಕ್ಕೆ ದೇವಿ ಹಾಕಿಸಿದರು ಎಂಬುದೂ ದಾಖಲೆಯಲ್ಲಿದೆ. ಜನ ಅವರನ್ನು ಕರೆದದ್ದು "ದೊಡ್ಡ ಸ್ವಾಮಿಯವರು" ಅಂತ.

ನಮ್ಮ ಕಗ್ಗದಾಸಪುರದ ಕಡೆಯವರಿಗೆ ಈ ದ್ಯುಬುವಾ ಪರಕೀಯರಲ್ಲ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದ ಮೂಲ, ಇವರೇ 1818ರಲ್ಲಿ ಹಾಕಿದ ಒಂದು ಸಣ್ಣ ಪ್ರಾರ್ಥನಾ ಮಂದಿರ. ಈಗ ಕಾಣುವ ಗಾಥಿಕ್ ಕಟ್ಟಡ ಏಳಲು 1882 ಆಗಬೇಕಾಯಿತು.

ಇಲ್ಲೊಂದು ವಿಚಿತ್ರ ಗಮನಿಸಿ. ಅದೇ ದ್ಯುಬುವಾ 1823ರಲ್ಲಿ ಭಾರತ ಬಿಟ್ಟರು. ಅದೇ ವರ್ಷ ಪ್ರಕಟವಾದ ಪತ್ರಗಳ ಪುಸ್ತಕದಲ್ಲಿ, ಈ ದೇಶದಲ್ಲಿ ಕ್ರೈಸ್ತ ಮತ ಹರಡುವ ಆಸೆಯೇ ಇಲ್ಲ ಎಂಬರ್ಥದ ವಾದ ಹೂಡಿದರು. ನಲವತ್ತು ವರ್ಷವೂ ಕಳೆಯುವಷ್ಟರಲ್ಲಿ ಅವರು ಕಟ್ಟಿ ಹೋದ ಸೀಮೆಯಲ್ಲೇ, ಹೇಮಾವತಿ ದಂಡೆಯ ಹಳ್ಳಿಯಲ್ಲಿ ಎತ್ತರದ ಕಮಾನುಗಳ ಗಾಥಿಕ್ ಚರ್ಚು ಎದ್ದಿತು. ನಡುವೆ ಏನಾಯಿತು ಅಂದರೆ, ಮಿಷನ್ನಿಗೆ ಸ್ವಂತ ಆಡಳಿತ ಬಂತು. 1845ರಲ್ಲಿ ಮೈಸೂರು ಪಾಂಡಿಚೇರಿಯಿಂದ ಬೇರೆಯಾಯಿತು, ಶಾರ್ಬೊನೊ ಅದರ ಮುಖ್ಯಸ್ಥರಾದರು. 1855ರಲ್ಲಿ ಬೆಂಗಳೂರಿನಲ್ಲಿ ಕನ್ನಡ-ಲ್ಯಾಟಿನ್ ನಿಘಂಟು ಅಚ್ಚಾಯಿತು. ನಿಘಂಟು ಅಚ್ಚು ಹಾಕಿಸುವವರು ದೊರೆಗಳ ಜೊತೆ ಮಾತಾಡಲು ಹೊರಟವರಲ್ಲ, ಕನ್ನಡದ ಒಕ್ಕಲಿನ ಜೊತೆ ಮಾತಾಡಲು ಹೊರಟವರು. ಶೆಟ್ಟಿಹಳ್ಳಿ ಚರ್ಚನ್ನು ನಾನು ಓದುವುದು ಈ ಸಾಲಿನಲ್ಲಿ.

ಈಗ ನಮ್ಮ ವಿಷಯಕ್ಕೆ ಬರೋಣ. ದೇವಸ್ಥಾನವಾದರೆ ಒಂದು ದಾನಶಾಸನ ಇರುತ್ತದೆ. ಸ್ವಸ್ತಿಶ್ರೀ, ಶಕವರ್ಷ, ಅರಸನ ಹೆಸರು, ಕೊಟ್ಟವರು, ಗದ್ದೆಯ ಚತುಸ್ಸೀಮೆ, ಕೊನೆಗೆ ತಪ್ಪಿದವರಿಗೆ ಶಾಪ. ಹಳ್ಳಿ ಚರ್ಚಿನ ಚರಿತ್ರೆಗೆ ಅಂಥ ಕಲ್ಲನ್ನು ಕಾಯುತ್ತ ಕೂತರೆ ಆಗದು. ಅದಕ್ಕೆ ಬೇರೆ ಮೂರು ಕಡೆ ನೋಡಬೇಕು.

ಒಂದು, ಸಮಾಧಿ ಕಲ್ಲು ಮತ್ತು ಬಾಗಿಲವಾಡದ ಮೇಲಿನ ಬರಹ. ಲ್ಯಾಟಿನ್ ಅಂತ ಹೆದರಬೇಡಿ, ನಮ್ಮ ಶಾಸನಗಳ ಹಾಗೆ ಅದರಲ್ಲೂ ಒಂದು ಕಟ್ಟುಪಾಡು ಇದೆ. "ಡಿ.ಓ.ಎಂ." ಅಂದರೆ ಅತ್ಯುತ್ತಮನೂ ಮಹತ್ತಮನೂ ಆದ ದೇವರಿಗೆ, ಅದು ಅವರ ಸ್ವಸ್ತಿಶ್ರೀ. "ಐ.ಎಚ್.ಎಸ್." ಯೇಸುವಿನ ಗ್ರೀಕ್ ಹೆಸರಿನ ಮೊದಲ ಮೂರು ಅಕ್ಷರ. "ಹಿಕ್ ಯಾಚೆತ್" ಅಂದರೆ ಇಲ್ಲಿ ಮಲಗಿದ್ದಾರೆ. ಇಸವಿ ರೋಮನ್ ಅಂಕಿಯಲ್ಲಿದ್ದರೆ ಎಂ 1000, ಡಿ 500, ಸಿ 100, ಎಲ್ 50, ಎಕ್ಸ್ 10 ಎಂದು ಕೂಡಿಕೊಳ್ಳಿ. ಎಂ-ಡಿ-ಸಿ-ಸಿ-ಸಿ-ಎಲ್-ಎಕ್ಸ್ ಕಂಡರೆ ಅದು 1860.

ಎರಡು, ಜ್ಞಾನಸ್ನಾನದ ಪುಸ್ತಕ. 1563ರಲ್ಲಿ ಮುಗಿದ ಟ್ರೆಂಟ್ ಮಹಾಸಭೆಯ ನಂತರ ಪ್ರತಿ ಧರ್ಮಕೇಂದ್ರದಲ್ಲೂ ದೀಕ್ಷೆ, ಮದುವೆಗಳನ್ನು ಬರೆದಿಡುವುದು ಕಡ್ಡಾಯವಾಯಿತು. ಮಗುವಿನ ಹೆಸರು, ತಂದೆ ತಾಯಿ, ಜ್ಞಾನಪೋಷಕರು, ಗುರುಗಳ ರುಜು. ನೋಡಿ, ಶಾಸನದಲ್ಲಿ ಗೌಡ, ಹೆಗ್ಗಡೆ, ದಂಡನಾಯಕ ಸಿಗುತ್ತಾರೆ; ಹೊಲ ಉತ್ತವನ ಹೆಂಡತಿಯ ಹೆಸರು ತಾರೀಖಿನ ಸಮೇತ ಸಿಗುವುದು ಈ ಕಾಗದದಲ್ಲಿ.

ಮೂರು, ಹೆಸರುಗಳೇ. ಕನ್ನಡ ಕ್ಯಾಥೋಲಿಕರ ಹಳೇ ಹೆಸರುಗಳನ್ನು ಬಿಡಿಸಿ ನೋಡಿದರೆ ಮಿಷನ್ನಿನ ದಾರಿಯೇ ಕಾಣುತ್ತದೆ. ಇನ್ನಾಸಪ್ಪ ಅಂದರೆ ಇಗ್ನೇಷಿಯಸ್. ಚೌರಪ್ಪ ಅಂದರೆ ಝೇವಿಯರ್. ರಾಯಪ್ಪ ಪೇತ್ರ. ಪೌಲ್ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಚಿಕ್ಕವನು ಎಂಬ ಅರ್ಥ, ಹಾಗಾಗಿ ಚಿನ್ನಪ್ಪ. ಯೊವಾನ್ನ ಎಂದರೆ ದೇವರ ಕೃಪೆ, ತಮಿಳಿನ ಅರುಳ್, ಹಾಗಾಗಿ ಅರುಳಪ್ಪ. ತಮಿಳು ಸೀಮೆಯ ಮಿಷನ್ನಿನಲ್ಲಿ ರೂಢಿಯಾದ ಹೆಸರುಗಳು ಘಟ್ಟ ಹತ್ತಿ ಬಂದಿವೆ. ಸಮಾಧಿ ಕಲ್ಲಿನಲ್ಲಿ ಚಿನ್ನಪ್ಪ ಎಂದು ಕಂಡರೆ ಅದು ಕ್ರೈಸ್ತ ಹೆಸರಲ್ಲ ಎಂದು ಪಕ್ಕಕ್ಕಿಡಬೇಡಿ.

ಇಂಜಿನಿಯರ್ ಆಗಿ ಗೋಡೆಯ ಬಗ್ಗೆ ನಾಲ್ಕು ಮಾತು. ಬೆಲ್ಲ, ಮೊಟ್ಟೆ ಬೆರೆಸಿದ ಗಾರೆಯಿಂದಲೇ ಇದು ನಿಂತಿದೆ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಕಡೆ ಗಾರೆಗೆ ಅಂಥದ್ದನ್ನೆಲ್ಲ ಬೆರೆಸುವ ರೂಢಿ ಇತ್ತು, ಸರಿ. ಆದರೆ ಭಾರ ಹೊತ್ತದ್ದು ಸುಣ್ಣದ ಗಾರೆ ಮತ್ತು ಕಮಾನಿನ ಆಕಾರ. ಕಮಾನಿನಲ್ಲಿ ಇಟ್ಟಿಗೆಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಗಾರೆ ಸವೆದರೂ ಬಹಳ ದಿನ ನಿಲ್ಲುತ್ತದೆ. ಈ ಒತ್ತುವಿಕೆಗೆ ಎದುರು ಕೊಡುವ ಪಕ್ಕದ ಗೋಡೆ ಜರುಗಿದ ದಿನ ಮಾತ್ರ ಎಲ್ಲ ಒಟ್ಟಿಗೇ ಬೀಳುತ್ತದೆ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲೆ ಈ ಗೋಡೆಗಳು ಮಳೆಗಾಲದಲ್ಲಿ ನೆನೆದು ಬೇಸಿಗೆಯಲ್ಲಿ ಒಣಗುತ್ತಿವೆ. ಪ್ರತಿ ಸುತ್ತಿನಲ್ಲೂ ಸ್ವಲ್ಪ ಸುಣ್ಣ ಕರಗಿ ಹೋಗುತ್ತದೆ. ಸದಾ ನೀರಿನಲ್ಲೇ ಇರುವುದಕ್ಕಿಂತ ಈ ನೆನೆದು ಒಣಗುವ ಆಟವೇ ಗೋಡೆಗೆ ಕೆಟ್ಟದ್ದು. ಮೇಲಿಂದ ನಾವು ಪ್ರವಾಸಿಗರು ಹತ್ತುವುದು, ಹೆಸರು ಗೀಚುವುದು ಬೇರೆ.

ಚರ್ಚಿನ ಜೊತೆ ಅದರ ಸುತ್ತಲಿನ ಊರೂ ನೀರಿಗೆ ಹೋಯಿತು, ಜನ ಬೇರೆ ಕಡೆ ನೆಲೆಸಿದರು. ಹಾಗಾಗಿ ಇಲ್ಲಿ ಗೋಡೆ ಬಿದ್ದರೆ ಹೋಗುವುದು ಫೋಟೋ ತೆಗೆಯುವ ಜಾಗ ಮಾತ್ರ ಅಲ್ಲ; ಒಕ್ಕಲು ಮಕ್ಕಳ ಒಂದು ಊರು ಇಲ್ಲಿತ್ತು ಎಂಬುದಕ್ಕಿರುವ ಸಾಕ್ಷಿ. ಆ ಸಾಕ್ಷಿಯ ಮೇಲೆ ತೋಟದ ದೊರೆಗಳ ಕಥೆ ಕೂತಿರುವುದೇ ನನಗೆ ಬೇಸರ.

ಮಿಥಿಕ್ ಸೊಸೈಟಿಯ ಯೋಜನೆಯಲ್ಲಿ ಬೆಂಗಳೂರಿನ ಶಾಸನಗಳಿಗೆ ತ್ರೀಡಿ ಸ್ಕ್ಯಾನ್ ಆಗುತ್ತಿರುವುದು ನಿಮಗೆ ಗೊತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಅದೇ ವಿಧಾನ ಶೆಟ್ಟಿಹಳ್ಳಿಗೂ ಒಪ್ಪುತ್ತದೆ. ಅಷ್ಟು ದೊಡ್ಡ ಕೆಲಸ ನಮ್ಮಿಂದಾಗದಿದ್ದರೂ ಚಿಕ್ಕದೊಂದು ಆಗುತ್ತದೆ. ನಿಮ್ಮ ಊರಿನ ಹತ್ತಿರ ಹಳೇ ಹಳ್ಳಿ ಚರ್ಚು ಇದ್ದರೆ, ಅಲ್ಲಿನ ಸ್ವಾಮಿಗಳನ್ನು ಕೇಳಿಕೊಂಡು ಸಮಾಧಿ ಕಲ್ಲು, ಗಂಟೆಯ ಮೇಲಿನ ಅಕ್ಷರ, ಬಾಗಿಲವಾಡದ ಇಸವಿ, ಇವುಗಳ ಫೋಟೋ ತೆಗೆಯಿರಿ. ಬೆಳಕು ಓರೆಯಾಗಿ ಬೀಳುವ ಬೆಳಗ್ಗೆ ಅಥವಾ ಸಂಜೆ ಹೋಗಿ, ಅಳತೆಗೆ ಪಕ್ಕದಲ್ಲೊಂದು ಸ್ಕೇಲು ಇಡಿ. ಕಲ್ಲಿಗೆ ಸೀಮೆಸುಣ್ಣ ಮಾತ್ರ ಹಚ್ಚಬೇಡಿ.